ಎರಡು ವಾರದಲ್ಲಿ ಸಿಎನ್‌ಎ ಆಗಿಸುವವರ ಬಗ್ಗೆ ಎಚ್ಚರವಿರಲಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ, ಎರಡೇ ವಾರದಲ್ಲಿ ನರ್ಸಿಂಗ್ ಸಹಾಯಕರ (ಸಿಎನ್‌ಎ) ಸರ್ಟಿಫಿಕೇಟ್ ಕೊಡಿಸುತ್ತೇವೆ ಎಂಬ ಜಾಹೀರಾತು ಮತ್ತೆ ಹರಿದಾಡುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಸಂಗಾತಿಯ ಜೊತೆ ಎಚ್-4 ಅವಲಂಬಿತ ವೀಸಾದಲ್ಲಿ ಬಂದು ಕೆಲಸದ ಪರವಾನಗಿ ಸಿಕ್ಕ ಗೃಹಿಣಿಯರು, ಊರಿನಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ ಇಲ್ಲಿನ ನರ್ಸ್ ಪರವಾನಗಿಯ ಎನ್‌ಕ್ಲೆಕ್ಸ್ ಪರೀಕ್ಷೆಗೆ ಓದುತ್ತಲೇ ಒಂದಿಷ್ಟು ಸಂಪಾದಿಸಲು ಬಯಸುವವರು, ಇಂಥವರನ್ನೇ ಗುರಿಯಾಗಿಟ್ಟುಕೊಂಡ ಜಾಹೀರಾತು ಅದು. ನಾನು ಅಂಥದೇ ಒಂದು ಖಾಸಗಿ ಕೇಂದ್ರದಲ್ಲಿ ಕಲಿಯಲು ಹೋಗಿ ಅರ್ಧಕ್ಕೆ ಹೊರಬಂದವಳು.

ಸಿಎನ್‌ಎ ಎಂದರೆ ಪ್ರಮಾಣಿತ ನರ್ಸಿಂಗ್ ಸಹಾಯಕರು. ವೃದ್ಧರೂ ದೀರ್ಘಕಾಲದ ರೋಗಿಗಳೂ ಇರುವ ನರ್ಸಿಂಗ್ ಹೋಮ್‌ಗಳಲ್ಲಿ ಸ್ನಾನ ಮಾಡಿಸುವುದು, ಉಣಿಸುವುದು, ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸುವುದು, ನಾಡಿ ಮತ್ತು ರಕ್ತದೊತ್ತಡ ನೋಡುವುದು, ಮೂತ್ರದ ಪ್ರಮಾಣ ಅಳೆದು ಬರೆದಿಡುವುದು, ಇವೆಲ್ಲ ಅವರ ಕೆಲಸ. ಹಿಂದೆ ಈ ಕೆಲಸಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಒಂದು ಅಳತೆಗೋಲು ಇರಲಿಲ್ಲ. 1987ರ ಫೆಡರಲ್ ಕಾನೂನು ಅದನ್ನು ತಂದಿತು: ಕನಿಷ್ಠ 75 ಗಂಟೆಗಳ ತರಬೇತಿ, ಅದರಲ್ಲಿ ಕನಿಷ್ಠ 16 ಗಂಟೆ ಮೇಲ್ವಿಚಾರಣೆಯಲ್ಲಿ ಕೈಯಾರೆ ಮಾಡಿ ಕಲಿಯುವ ಅಭ್ಯಾಸ, ಆಮೇಲೆ ಪರೀಕ್ಷೆ, ಆಮೇಲೆ ರಾಜ್ಯದ ನೋಂದಣಿ ಪಟ್ಟಿಯಲ್ಲಿ ಹೆಸರು. ಇದಕ್ಕಿಂತ ಹೆಚ್ಚು ಕೇಳುವ ಅಧಿಕಾರ ರಾಜ್ಯಗಳಿಗಿದೆ, ಕ್ಯಾಲಿಫೋರ್ನಿಯಾ ಹೆಚ್ಚೇ ಕೇಳುತ್ತದೆ. ಇಲ್ಲಿ 60 ಗಂಟೆ ಪಾಠ ಮತ್ತು 100 ಗಂಟೆ ಕ್ಲಿನಿಕಲ್ (ರೋಗಿಗಳ ಬಳಿಯೇ ಮಾಡಿ ಕಲಿಯುವ ಅಭ್ಯಾಸ), ಒಟ್ಟು 160 ಗಂಟೆ ಆಗಬೇಕು. ದಿನಕ್ಕೆ ಎಂಟು ಗಂಟೆಯಂತೆ ವಾರಕ್ಕೆ ಆರು ದಿನ ದುಡಿದರೂ ಎರಡು ವಾರಕ್ಕೆ 96 ಗಂಟೆ ಮಾತ್ರ ಆಗುತ್ತದೆ. ಜಾಹೀರಾತಿನ ಸುಳ್ಳನ್ನು ಹಿಡಿಯಲು ಈ ಗುಣಾಕಾರವೇ ಸಾಕು.

ನನ್ನ ಕೇಂದ್ರದವರು ಇದಕ್ಕೊಂದು ಸಮಜಾಯಿಷಿ ಇಟ್ಟುಕೊಂಡಿದ್ದರು. ಪಾಠವನ್ನು ಆನ್‌ಲೈನ್‌ನಲ್ಲಿ ನಿಮ್ಮ ಬಿಡುವಿನಲ್ಲಿ ಮುಗಿಸಿಕೊಳ್ಳಿ, ಎರಡು ವಾರ ಎಂದದ್ದು ಕ್ಲಿನಿಕಲ್‌ಗೆ ಮಾತ್ರ ಎಂದರು. ಆನ್‌ಲೈನ್ ಪಾಠ ಹೇಳಿದ ನರ್ಸ್ ಬಗ್ಗೆ ನನ್ನದೇನೂ ತಕರಾರಿಲ್ಲ, ಆಕೆ ಚೆನ್ನಾಗಿಯೇ ಕಲಿಸಿದರು. ಕೆಟ್ಟದ್ದು ಕ್ಲಿನಿಕಲ್. ದೊಡ್ಡ ನರ್ಸಿಂಗ್ ಹೋಮ್ ಒಂದರ ಹೆಸರು ಹೇಳಿ ಶುಲ್ಕ ಕಟ್ಟಿಸಿಕೊಂಡು, ಶುರುವಾಗುವ ಹಿಂದಿನ ಸಂಜೆ ಫೋನಿನಲ್ಲಿ ಬೇರೊಂದು ವಿಳಾಸ ಕಳುಹಿಸಿದರು. ಅಲ್ಲಿ ಹೋಗಿ ನೋಡಿದರೆ ಅದು ವಸತಿ ಬಡಾವಣೆಯಲ್ಲಿನ ಒಂದು ಮನೆ, ಆರು ಮಂದಿ ವೃದ್ಧರನ್ನು ಇಟ್ಟುಕೊಂಡು ನಡೆಸುವ ಆರೈಕೆ ಗೃಹ. ಅಂಥ ಮನೆಗಳಿಗೆ ಪರವಾನಗಿ ಕೊಡುವುದು ಈ ರಾಜ್ಯದ ಸಮಾಜ ಸೇವಾ ಇಲಾಖೆ. ನರ್ಸಿಂಗ್ ಹೋಮ್‌ಗೂ ಸಿಎನ್‌ಎ ತರಬೇತಿಗೂ ಅನುಮತಿ ಕೊಡುವುದು ಸಾರ್ವಜನಿಕ ಆರೋಗ್ಯ ಇಲಾಖೆ. ಹೊರಗಿನಿಂದ ನೋಡುವವರಿಗೆ ಎರಡೂ ವೃದ್ಧರ ಮನೆಗಳೇ, ಆದರೆ ಆ ಮನೆಯಲ್ಲಿ ಕಳೆದ ಗಂಟೆಗಳು 100ರ ಲೆಕ್ಕಕ್ಕೆ ಸೇರುವುದಿಲ್ಲ.

ಅಲ್ಲಿ ನಮ್ಮ ಮೇಲೆ ನಿಗಾ ಇಡಬೇಕಾದ ಬೋಧಕರು ಬೆಳಿಗ್ಗೆ ಬಂದು ಹಾಜರಿ ಹಾಕಿ ಹೊರಟುಬಿಡುತ್ತಿದ್ದರು. ಉಳಿದ ಹೊತ್ತೆಲ್ಲ ಬಟ್ಟೆ ಮಡಿಸುವುದು, ಅಡುಗೆಮನೆ ಒರೆಸುವುದು. ಇಷ್ಟೇ ಆಗಿದ್ದರೆ ಕಾಲಹರಣವೆಂದು ಸುಮ್ಮನಿರಬಹುದಿತ್ತು. ಪಾರ್ಶ್ವವಾಯುವಿನಿಂದ ಎಡಭಾಗ ಸೋತಿದ್ದ ಒಬ್ಬ ವೃದ್ಧೆಯನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಕೂರಿಸಲು, ಆನ್‌ಲೈನ್ ಪಾಠವನ್ನು ಇನ್ನೂ ಆರಂಭಿಸಿಯೇ ಇರದ ಹುಡುಗಿಯೊಬ್ಬಳಿಗೆ ಹೇಳಿದರು. ಯಾವುದೇ ರೋಗಿಯನ್ನು ಮುಟ್ಟುವ ಮೊದಲು ಸಂವಹನ, ಸೋಂಕು ತಡೆ, ಸುರಕ್ಷತೆ ಮತ್ತು ತುರ್ತು ಕ್ರಮಗಳು, ರೋಗಿಯ ಸ್ವಾವಲಂಬನೆ, ರೋಗಿಯ ಹಕ್ಕುಗಳು ಇವುಗಳಲ್ಲಿ ಕನಿಷ್ಠ 16 ಗಂಟೆ ತರಬೇತಿ ಆಗಿರಲೇಬೇಕೆಂದು ಫೆಡರಲ್ ನಿಯಮ ಹೇಳುವುದು ಇಂಥ ಸಂದರ್ಭಕ್ಕಾಗಿಯೇ. ಹೀಗೆ ಕೂರಿಸುವಾಗ ಗಾಲಿಕುರ್ಚಿ ರೋಗಿಯ ಬಲವಿರುವ ಮಗ್ಗುಲಿಗೆ ಇರಬೇಕು, ಎರಡೂ ಚಕ್ರಗಳ ಬ್ರೇಕ್ ಹಾಕಿರಬೇಕು, ಕಾಲಿಡುವ ತಟ್ಟೆ ಮೇಲೆತ್ತಿರಬೇಕು, ರೋಗಿಯ ಕಾಲಿಗೆ ಜಾರದ ಪಾದರಕ್ಷೆ ಇರಬೇಕು, ಸೊಂಟಕ್ಕೆ ಬಟ್ಟೆಯ ಮೇಲೆ ಗೇಟ್ ಬೆಲ್ಟ್ (ರೋಗಿಯನ್ನು ಹಿಡಿದು ಎಬ್ಬಿಸಲು ಬಳಸುವ ಪಟ್ಟಿ) ಕಟ್ಟಿ ಅದನ್ನು ಹಿಡಿದು ಎಬ್ಬಿಸಬೇಕು, ಅದಕ್ಕೂ ಮೊದಲು ಏನು ಮಾಡುತ್ತಿದ್ದೇವೆಂದು ಅವರಿಗೆ ತಿಳಿಸಬೇಕು. ಆ ಮನೆಯಲ್ಲಿ ಬೆಲ್ಟ್ ಎಂಬುದೇ ಇರಲಿಲ್ಲ. ಹುಡುಗಿ ಕಂಕುಳಿಗೆ ಕೈ ಹಾಕಿ ಎತ್ತಿದಳು, ಬ್ರೇಕ್ ಹಾಕದ ಕುರ್ಚಿ ಹಿಂದಕ್ಕೆ ಸರಿಯಿತು, ಪಕ್ಕದಲ್ಲಿದ್ದ ಮನೆಯ ಕೆಲಸದಾಕೆ ಹಿಡಿದುಕೊಂಡದ್ದರಿಂದ ವೃದ್ಧೆ ನೆಲಕ್ಕೆ ಬೀಳಲಿಲ್ಲ. ಪಾರ್ಶ್ವವಾಯು ಬಡಿದ ಭುಜವನ್ನು ಹಾಗೆ ಎಳೆದರೆ ಕೀಲು ತಪ್ಪುವ ಅಪಾಯವಿದೆ. ಆಕೆ ಮಧ್ಯಾಹ್ನದವರೆಗೂ ಭುಜ ಹಿಡಿದುಕೊಂಡು ನರಳುತ್ತಿದ್ದರು. ನಡೆದದ್ದನ್ನು ಯಾರೂ ಎಲ್ಲಿಯೂ ಬರೆದಿಡಲಿಲ್ಲ, ವೃದ್ಧೆಯ ಕುಟುಂಬದವರಿಗೆ ತಿಳಿಸಲೂ ಇಲ್ಲ. ಅಂದು ಸಂಜೆ ನಾನು ಆರೋಗ್ಯ ಇಲಾಖೆಗೆ ಪತ್ರ ಬರೆದೆ.

ಉತ್ತರ ಬಂದಾಗ ವಿಷಯ ತಿಳಿಯಿತು. ಕೇಂದ್ರಕ್ಕೆ ಅನುಮತಿ ಇದ್ದದ್ದು ನಿಜ, ಆದರೆ ಅದು ಜಾಹೀರಾತಿನಲ್ಲಿದ್ದ ಆ ದೊಡ್ಡ ನರ್ಸಿಂಗ್ ಹೋಮ್‌ನಲ್ಲಿ ಕ್ಲಿನಿಕಲ್ ನಡೆಸುತ್ತೇವೆಂಬ ಒಪ್ಪಂದದ ಮೇಲೆ ಸಿಕ್ಕ ಅನುಮತಿ. ತಪಾಸಣೆಯಲ್ಲಿ ಆರೈಕೆಯ ಗುಣಮಟ್ಟ ತೀರಾ ಕಳಪೆಯೆಂದು ಕಂಡುಬಂದ, ಅಥವಾ ನಿಗದಿತ ಮೊತ್ತಕ್ಕಿಂತ ಹೆಚ್ಚು ದಂಡ ತೆತ್ತ ನರ್ಸಿಂಗ್ ಹೋಮ್‌ನಲ್ಲಿ 2 ವರ್ಷ ಇಂಥ ತರಬೇತಿ ನಡೆಸುವಂತಿಲ್ಲ ಎಂಬ ಫೆಡರಲ್ ನಿಯಮವಿದೆ. ಆ ಹೋಮ್ ಇದಕ್ಕೆ ಸಿಕ್ಕಿಬಿದ್ದಿತ್ತು. ಪ್ರವೇಶ ನಿಲ್ಲಿಸುವ ಬದಲು ಕೇಂದ್ರದವರು ಪರಿಚಯದ ಮನೆಯೊಂದಕ್ಕೆ ನಮ್ಮನ್ನು ಅಟ್ಟಿ, ದಾಖಲೆಯಲ್ಲಿ ಮಾತ್ರ ಹಳೆಯ ಹೆಸರನ್ನೇ ಬರೆಯುತ್ತಿದ್ದರು. ಪ್ರತಿ ವಿದ್ಯಾರ್ಥಿಗೂ ಒಂದು ದಾಖಲೆ ಪತ್ರ ಇರುತ್ತದೆ. ಯಾವ ಕೌಶಲವನ್ನು ಯಾವ ದಿನ ಮಾಡಿ ತೋರಿಸಿದೆವೆಂದು ಅದರಲ್ಲಿ ಬರೆದು ಬೋಧಕರು ಸಹಿ ಹಾಕಬೇಕು. ನನ್ನ ದಾಖಲೆ ಪತ್ರದಲ್ಲಿ ನಾನು ಕಣ್ಣಿನಿಂದಲೂ ನೋಡಿರದ ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಆರೈಕೆಗೂ ಕೃತಕ ದಂತಪಂಕ್ತಿ ತೊಳೆಯುವುದಕ್ಕೂ ಸಹಿ ಬಿದ್ದಿತ್ತು. ಇದನ್ನು ಕೇಳಿದ್ದಕ್ಕೆ, "ಪರೀಕ್ಷೆಗೆ ಮುಂಚೆ ಯೂಟ್ಯೂಬ್ ನೋಡಿಕೊಳ್ಳಿ ಮೇಡಂ, ಎಲ್ಲರೂ ಹಾಗೇ ಪಾಸಾಗಿದ್ದಾರೆ" ಎಂಬ ಉತ್ತರ ಬಂತು. ಕೌಶಲ ಪರೀಕ್ಷೆಯಲ್ಲಿ ಯಾವ ಕೆಲಸ ಬರುತ್ತದೆಂದು ಮೊದಲೇ ತಿಳಿಯುವುದಿಲ್ಲ, ಪಟ್ಟಿಯಿಂದ ಯಾವುದನ್ನು ಬೇಕಾದರೂ ಕೊಡುತ್ತಾರೆ, ಕೆಲವು ಹಂತಗಳಂತೂ ತಪ್ಪಿದರೆ ಆ ಕೌಶಲವೇ ಹೋದಂತೆ. ವಿಡಿಯೋ ನೋಡಿ ಪಾಸಾದವರು ಇರಬಹುದು, ಆದರೆ ಅಂಥವರ ಕೈಗೆ ನಮ್ಮ ಅತ್ತೆಯನ್ನೋ ತಾಯಿಯನ್ನೋ ಒಪ್ಪಿಸುತ್ತೇವೆಯೇ ಎಂದು ಅವರಲ್ಲಿ ಕೇಳಬೇಕೆನಿಸಿತು.

ಸೇರಬೇಕೆಂದಿರುವವರು ಕೇಂದ್ರದ ಹೆಸರು ಆರೋಗ್ಯ ಇಲಾಖೆಯ ಅನುಮತಿ ಪಟ್ಟಿಯಲ್ಲಿದೆಯೇ ಎಂದು ನೋಡಿ ಸಮಾಧಾನಪಟ್ಟುಕೊಳ್ಳಬೇಡಿ, ನನ್ನ ಕೇಂದ್ರದ ಹೆಸರೂ ಅದರಲ್ಲಿತ್ತು. ಕ್ಲಿನಿಕಲ್ ನಡೆಯುವ ನರ್ಸಿಂಗ್ ಹೋಮ್‌ನ ಹೆಸರು ವಿಳಾಸಗಳನ್ನು ಶುಲ್ಕ ಕಟ್ಟುವ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ, ಆ ಹೋಮ್‌ಗೇ ಫೋನ್ ಮಾಡಿ ಈ ಕೇಂದ್ರದ ವಿದ್ಯಾರ್ಥಿಗಳು ಈಗ ಬರುತ್ತಿದ್ದಾರೆಯೇ ಎಂದು ವಿಚಾರಿಸಿ, ಅನುಮಾನ ಬಂದರೆ ಇಲಾಖೆಗೆ ಬರೆಯಿರಿ. ತರಬೇತಿಯ ಮೇಲ್ವಿಚಾರಣೆ ಹೊತ್ತ ನೋಂದಾಯಿತ ನರ್ಸ್ ಯಾರೆಂದು ಕೇಳಿ. ಅವರಿಗೆ ಕನಿಷ್ಠ 2 ವರ್ಷದ ನರ್ಸಿಂಗ್ ಅನುಭವ, ಅದರಲ್ಲಿ 1 ವರ್ಷವಾದರೂ ದೀರ್ಘಕಾಲಿಕ ಆರೈಕೆಯದು ಇರಬೇಕೆಂಬುದು ಫೆಡರಲ್ ನಿಯಮ.

ಹಣದ ವಿಷಯದಲ್ಲಿ ನನಗೆ ತಡವಾಗಿ ತಿಳಿದದ್ದೊಂದಿದೆ. ಕ್ಯಾಲಿಫೋರ್ನಿಯಾದ ಖಾಸಗಿ ವೃತ್ತಿ ಶಾಲೆಗಳ ಮೇಲೆ ಒಂದು ರಾಜ್ಯ ಬ್ಯೂರೋ ಇದೆ. ಅದರ ವ್ಯಾಪ್ತಿಗೆ ಬರುವ ಶಾಲೆಯಾದರೆ, ಮೊದಲ ತರಗತಿಯ ದಿನ ಅಥವಾ ಸೇರಿದ ಏಳನೆಯ ದಿನ, ಯಾವುದು ಕೊನೆಗೆ ಬರುತ್ತದೋ ಅಲ್ಲಿಯವರೆಗೆ ರದ್ದು ಮಾಡಿ ಹಣ ವಾಪಸ್ ಕೇಳಬಹುದು. ಆದರೆ ಸರ್ಕಾರಿ ವಿದ್ಯಾರ್ಥಿ ನೆರವು ಪಡೆಯದೆ, ಒಟ್ಟು ಶುಲ್ಕವನ್ನು 2,500 ಡಾಲರ್ ಮೀರದಂತೆ ಇಟ್ಟುಕೊಂಡಿರುವ, ಪದವಿ ನೀಡದ ಸಂಸ್ಥೆಗಳಿಗೆ ಆ ಬ್ಯೂರೋದಿಂದ ವಿನಾಯಿತಿ ಇದೆ. ನನ್ನ ಕೇಂದ್ರದ ಶುಲ್ಕ ಆ ಗೆರೆಗಿಂತ ಸ್ವಲ್ಪವೇ ಕೆಳಗಿತ್ತು. ಇನ್ನೊಂದೆಡೆ, ಕೆಲಸ ಕೊಟ್ಟ ಅಥವಾ ಕೊಡುವುದಾಗಿ ಒಪ್ಪಿಕೊಂಡ ನರ್ಸಿಂಗ್ ಹೋಮ್ ತನ್ನ ಸಿಎನ್‌ಎ ಅಭ್ಯರ್ಥಿಯಿಂದ ತರಬೇತಿಗಾಗಲಿ ಪರೀಕ್ಷೆಗಾಗಲಿ ಶುಲ್ಕ ಪಡೆಯುವಂತಿಲ್ಲ. ಸ್ವಂತ ಹಣದಲ್ಲಿ ಕಲಿತವರಿಗೂ, ತರಬೇತಿ ಮುಗಿದ 12 ತಿಂಗಳೊಳಗೆ ಮೆಡಿಕೇರ್ ಅಥವಾ ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆಗಳ ಮಾನ್ಯತೆಯ ನರ್ಸಿಂಗ್ ಹೋಮ್ ಕೆಲಸ ಕೊಟ್ಟರೆ, ಆ ಖರ್ಚು ಹಿಂದಿರುಗಿಸಲು ರಾಜ್ಯ ಏರ್ಪಾಡು ಮಾಡಬೇಕು. ಆದ್ದರಿಂದ ಮೊದಲು ನಿಮ್ಮ ಸುತ್ತಲಿನ ನರ್ಸಿಂಗ್ ಹೋಮ್‌ಗಳು ತಾವೇ ನಡೆಸುವ ತರಬೇತಿ, ಆಮೇಲೆ ವಯಸ್ಕರ ಶಾಲೆ ಮತ್ತು ಕಮ್ಯುನಿಟಿ ಕಾಲೇಜು, ಕೊನೆಗೆ ಖಾಸಗಿ ಕೇಂದ್ರ ಎಂಬ ಕ್ರಮದಲ್ಲಿ ವಿಚಾರಿಸಿ.

ನಾನೀಗ ಒಂದು ವಯಸ್ಕರ ಶಾಲೆಯ ಮುಂದಿನ ತಂಡಕ್ಕೆ ಹೆಸರು ಕೊಟ್ಟಿದ್ದೇನೆ. ಹಳೆಯ ಕೇಂದ್ರದಿಂದ ಹಣ ಬಂದಿಲ್ಲ, ಇಲಾಖೆಗೆ ಕೊಟ್ಟ ದೂರು ವಿಚಾರಣೆಯಲ್ಲಿದೆ. ಅದೇ ತಂಡದಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮಗೆ ವಿಳಾಸ ಬದಲಾಯಿಸಿ ಕಳುಹಿಸಿದ ಸಂದೇಶಗಳನ್ನೂ ಸಹಿಯಾದ ದಾಖಲೆ ಪತ್ರದ ಪ್ರತಿಯನ್ನೂ ಅಳಿಸದೆ ಇಟ್ಟುಕೊಂಡು, ಇಲಾಖೆಗೆ ನಿಮ್ಮದೇ ಹೆಸರಿನಲ್ಲಿ ಪ್ರತ್ಯೇಕ ದೂರು ಕೊಡಿ.