ಹಳೇ ಅಂಬಾಸಡರ್‌ನ ಆಯಿಲ್ ಸೋರಿಕೆ: ರಟ್ಟು, ಪೌಡರ್, ಇಲ್ಲ ಡೈ?

ನಿಮ್ಮ 1489 ಸಿಸಿ ಪೆಟ್ರೋಲ್ ಎಂಜಿನ್ ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಮೂರು ದಾರಿಗಳಿವೆ.

ಖರ್ಚು ನೋಡಿದರೆ ರಟ್ಟಿಗೆ ದುಡ್ಡೇ ಬೇಡ. ರಾತ್ರಿ ಎಂಜಿನ್ ಕೆಳಗೆ ಹಾಸಿ, ಚಕ್ರದ ಜಾಗ ಗುರುತು ಮಾಡಿ. ಟಾಲ್ಕಂ ಪೌಡರ್ ಕೂಡ ಅಗ್ಗ. ಆಯಿಲ್‌ಗೆ ಬೆರೆಸುವ ಹೊಳೆಯುವ ಬಣ್ಣ, ಅಂದರೆ ಡೈ, ಮತ್ತು ಅದನ್ನು ಕಾಣಿಸುವ ಅಲ್ಟ್ರಾವೈಲೆಟ್ ಟಾರ್ಚ್‌ಗೆ ಮಾತ್ರ ಜಾಸ್ತಿ.

ಆದರೆ ಮುಖ್ಯವಾದದ್ದು ನಿಖರತೆ. ರಟ್ಟು ಹನಿ ಬಿದ್ದ ಜಾಗ ತೋರಿಸುತ್ತದೆ, ಹೊರಟ ಜಾಗ ತೋರಿಸುವುದಿಲ್ಲ. ಎಂಜಿನ್ ಮೇಲಿನ ಮುಚ್ಚಳದ (ರಾಕರ್ ಕವರ್) ಗ್ಯಾಸ್ಕೆಟ್‌ನಿಂದ ಇಳಿದ ಆಯಿಲ್ ಗಾಳಿಗೆ ಹಿಂದಕ್ಕೆ ಹರಿದು, ಕ್ಲಚ್ ಹೌಸಿಂಗ್ ತುದಿಯಿಂದ ತೊಟ್ಟಿಕ್ಕಬಹುದು. ಅದನ್ನು ನೋಡಿ ಕ್ರ್ಯಾಂಕ್ (ಎಂಜಿನ್ನಿನ ತಿರುಗುವ ಮುಖ್ಯ ದಂಡ) ಹಿಂಭಾಗದ ತೊಂದರೆ ಎಂದುಕೊಂಡು ಸುಮ್ನೆ ಗೇರ್‌ಬಾಕ್ಸ್ ಇಳಿಸಿದರೆ ಎಷ್ಟು ನಷ್ಟ ಅಲ್ವಾ? ಕ್ರ್ಯಾಂಕ್ ಹಿಂಭಾಗದಲ್ಲಿ ರಬ್ಬರ್ ಸೀಲ್ ಇಲ್ಲ, ಆಯಿಲನ್ನು ಒಳಗೆ ತಳ್ಳುವ ಸುರುಳಿ ಗೆರೆ ಮಾತ್ರ ಇದೆ. ಒಂದೆರಡು ಹನಿ ಅದರ ಸ್ವಭಾವ. ಎಂಜಿನ್ ಒಳಗಿನ ಒತ್ತಡ ಹೊರಬಿಡುವ ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರೆ ಸೋರಿಕೆ ಹೆಚ್ಚುತ್ತದೆ, ಮೊದಲು ಅದನ್ನು ನೋಡಿ.

ಪೌಡರ್‌ಗೆ ಶ್ರಮ ಜಾಸ್ತಿ. ತಣ್ಣಗಿನ ಎಂಜಿನ್ನನ್ನು ಡಿಗ್ರೀಸರ್‌ನಿಂದ (ಜಿಡ್ಡು ತೆಗೆಯುವ ದ್ರವ) ತೊಳೆದು ಒಣಗಿಸಬೇಕು. ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ಗೆ ನೀರು ಬೀಳದಿರಲಿ. ಜೋಡಣೆಗಳ ಮೇಲೆ ಉದುರಿಸಿ, ಹತ್ತು ನಿಮಿಷ ಐಡಲ್‌ನಲ್ಲಿ ಬಿಡಿ. ಒದ್ದೆ ಗೆರೆ ಮೂಡಿದರೆ ಅದರ ತುತ್ತತುದಿಯೇ ಮೂಲ.

ಸೋರಿಕೆ ಜೋರಾಗಿದ್ದರೆ, ಕೈಗೆಟುಕುವ ಜಾಗದಲ್ಲಿದ್ದರೆ ಪೌಡರ್ ಸಾಕು. ಓಡಿಸಿದಾಗ ಮಾತ್ರ ಸೋರಿದರೆ, ಅಥವಾ ಮ್ಯಾನಿಫೋಲ್ಡ್ (ಹೊಗೆ, ಗಾಳಿ ಹಾಯುವ ಕೊಳವೆಗಳು) ಕೆಳಗೆ ಅಡಗಿರುವ ಟ್ಯಾಪೆಟ್ ಕವರ್ (ಎಂಜಿನ್ ಪಕ್ಕದ ಮುಚ್ಚಳ) ಮೇಲೆ ಅನುಮಾನವಿದ್ದರೆ ಡೈ ಹಾಕಿಸಿ. ಅರ್ಧ ಗಂಟೆ ಓಡಿಸಿ, ಕತ್ತಲಲ್ಲಿ ಟಾರ್ಚ್ ಬಿಡಿ. ಹಳದಿ ಹಸಿರಾಗಿ ಹೊಳೆಯುತ್ತದೆ. ಇನ್ನು ರಿಪೇರಿ ಆದಮೇಲೆ ನಿಂತಿದೆಯಾ ಎಂದು ನೋಡಲು ನಾನಂತೂ ರಟ್ಟನ್ನೇ ಹಾಸುತ್ತೇನೆ.