ಸ್ಮರಣ ಸಂಚಿಕೆಯ ಅಚ್ಚು: ಲೋವರ್ ಪರೇಲೋ, ಮಂಗಳೂರೋ, ಆನ್‌ಲೈನೋ?

ಸಂಘದ ಸ್ಮರಣ ಸಂಚಿಕೆ ಅಚ್ಚು ಹಾಕಿಸಲು ನನ್ನ ಓಟು ಮುಂಬಯಿಯ ಲೋವರ್ ಪರೇಲಿನ ಆಫ್‌ಸೆಟ್ ಪ್ರೆಸ್ಸಿಗೆ. ಊರಿನ, ಅಂದರೆ ಮಂಗಳೂರಿನ, ಪ್ರೆಸ್ಸಿನಲ್ಲೂ ಆನ್‌ಲೈನ್‌ನಲ್ಲೂ ಅಚ್ಚು ಹಾಕಿಸಿ ನೋಡಿದ ಮೇಲೂ ಅದು ಬದಲಾಗಿಲ್ಲ. ಕನ್ನಡದ ಒಂದಕ್ಷರ ಓದಲು ಬಾರದವರ ಕೈಗೆ ಕನ್ನಡ ಪುಸ್ತಕ ಕೊಡುವುದೇ ಎಂದು ಸಂಘದ ಹಿರಿಯರು ಹುಬ್ಬೇರಿಸುತ್ತಾರೆ. ಅವರ ಭಯ ಸುಳ್ಳಲ್ಲ. ಆದರೆ ಅಕ್ಷರದ ತೊಂದರೆಯನ್ನು ಫೈಲ್ ಕೊಡುವ ಮೊದಲೇ ಮನೆಯಲ್ಲಿ ಕೂತು ಮುಗಿಸಬಹುದು. ಬಣ್ಣ, ಕಾಗದ, ಬೈಂಡಿಂಗ್‌ನ ತೊಂದರೆ ಮಾತ್ರ ಮೆಷಿನ್ ಪಕ್ಕದಲ್ಲಿ ನಿಂತವರಿಗೇ ಸಿಕ್ಕುವುದು.

ಹೋಲಿಕೆಗೆ ಇಟ್ಟುಕೊಂಡಿರುವುದು ಮುಂಬಯಿಯ ನಮ್ಮ ಸಂಘಗಳ ಮಾಮೂಲು ಕೆಲಸ: ಕ್ರೌನ್ ಕ್ವಾರ್ಟೊ, ಅಂದರೆ ಕತ್ತರಿಸಿದ ಮೇಲೆ 7.25 × 9.5 ಇಂಚು, 96 ಪುಟ, 1000 ಪ್ರತಿ. ಅರ್ಧಕ್ಕರ್ಧ ಹೋಟೆಲು, ಕೇಟರಿಂಗ್, ಬ್ಯಾಂಕಿನವರ ಜಾಹೀರಾತು. 200 ಪ್ರತಿಗಿಂತ ಕಮ್ಮಿ ಸಾಕು ಎನ್ನುವವರಿಗೆ ಈ ಚರ್ಚೆಯೇ ಬೇಡ. ಫೋರ್ಟಿನ ಯಾವುದಾದರೂ ಡಿಜಿಟಲ್ ಅಂಗಡಿಗೆ ಪಿಡಿಎಫ್ ಒಯ್ಯಿರಿ. ಕವರ್ ಮಡಚುವ ಮೊದಲು ಕ್ರೀಸಿಂಗ್, ಅಂದರೆ ಮಡಿಕೆಯ ಗೆರೆ, ಹೊಡೆಸಿ ಅಷ್ಟೆ, ಇಲ್ಲದಿದ್ದರೆ ಬೆನ್ನಿನ ಉದ್ದಕ್ಕೂ ಟೋನರ್ ಬಿರಿದು ಬಿಳಿ ಗೆರೆ ಕಾಣುತ್ತದೆ.

ಆನ್‌ಲೈನ್‌ನದು ಬೇಗ ಮುಗಿಸುತ್ತೇನೆ. ವಿಸಿಟಿಂಗ್ ಕಾರ್ಡ್, ಆಮಂತ್ರಣ, ಹೋಟೆಲಿನ ಮೆನು ಕಾರ್ಡ್‌ಗೆ ಅದಕ್ಕಿಂತ ಸುಲಭದ್ದು ಇಲ್ಲ. ಪುಸ್ತಕಕ್ಕೆ ಬೇಡ. ಕ್ರೌನ್ ಅಳತೆ ಕೇಳಿದರೆ ಅಲ್ಲಿ ಸಿಗುವುದು ಎ4, ಎ5. ಬ್ಲೀಡ್ (ಕತ್ತರಿಸುವಾಗ ಬಿಳಿ ಅಂಚು ಉಳಿಯದಂತೆ ಪುಟದ ಆಚೆಗೆ ಚಾಚಿದ ಬಣ್ಣ) ಇದೆಯೇ, ಚಿತ್ರ ಮಸುಕೇ ಎಂದು ತಾನೇ ಪರೀಕ್ಷಿಸಿ ಹಸಿರು ಗುರುತು ತೋರಿಸುತ್ತದೆ. ‘ಕಾರ್ಯದರ್ಶಿ’ ಒಡೆದುಹೋಗಿದ್ದರೂ ಅದೇ ಹಸಿರು ಗುರುತು. ನಾಲ್ಕಾರು ಗಿರಾಕಿಗಳ ಕೆಲಸವನ್ನು ಒಂದೇ ಹಾಳೆಯಲ್ಲಿ ಸೇರಿಸಿ ಹೊಡೆಯುವುದರಿಂದ ಒಬ್ಬರ ಕೆಂಪಿಗಾಗಿ ಶಾಯಿ ಏರಿಸುವುದೂ ಇಳಿಸುವುದೂ ಇಲ್ಲ. ಕುಂಕುಮ ಬಣ್ಣ ಇಟ್ಟಿಗೆ ಬಣ್ಣವಾಗಿ ಬಂದರೆ ಕೇಳಲು ಒಬ್ಬ ಮನುಷ್ಯನೂ ಸಿಗುವುದಿಲ್ಲ.

ಮಂಗಳೂರು ಗಟ್ಟಿ ಪ್ರತಿಸ್ಪರ್ಧಿ. ಅಲ್ಲಿನ ಡಿಟಿಪಿಯವರು ಟೈಪ್ ಮಾಡುತ್ತಲೇ ತಪ್ಪು ತಿದ್ದುತ್ತಾರೆ, ‘ಅಲ್ಪಪ್ರಾಣ ಬಿದ್ದಿದೆ ಸರ್’ ಎಂದು ಅವರೇ ಫೋನ್ ಮಾಡುತ್ತಾರೆ. ಕೈಬರಹದ ಲೇಖನ ಕಳಿಸಿದರೂ ನಡೆಯುತ್ತದೆ. ಮುಂಬಯಿಯಲ್ಲಿ ಈ ಸುಖವಿಲ್ಲ. ಆದರೆ ಬಣ್ಣದ ಪ್ರೂಫ್ ವಾಟ್ಸಾಪ್‌ನಲ್ಲಿ ಬರುತ್ತದೆ, ಅಂದರೆ ಬಣ್ಣದ ಪ್ರೂಫ್ ಬರುವುದೇ ಇಲ್ಲ. ಇನ್ನು ತೂಕ: ಪೂರ್ತಿ 130 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ ನುಣುಪು ಆರ್ಟ್ ಪೇಪರ್ ಆದರೆ ಒಂದು ಪ್ರತಿ ಸುಮಾರು 300 ಗ್ರಾಂ, 1000 ಪ್ರತಿಗೆ 300 ಕಿಲೋ. ಅದನ್ನು ಬಸ್ಸಿನ ಡಿಕ್ಕಿಗೋ ಕೊಂಕಣ ರೈಲಿನ ಪಾರ್ಸೆಲ್ಲಿಗೋ ಹಾಕಬೇಕು. ಮಳೆಗಾಲದ ವೇಳಾಪಟ್ಟಿ ಬಂತೆಂದರೆ ರೈಲೂ ನಿಧಾನ, ಕಟ್ಟಿನ ಮೂಲೆಯೂ ಒದ್ದೆ. ಬಿಡುಗಡೆಯ ಹಿಂದಿನ ದಿನ ಕಟ್ಟು ಬಿಚ್ಚಿ ಅಧ್ಯಕ್ಷರ ಫೋಟೋ ಹಳದಿಯಾಗಿರುವುದು ಕಂಡರೆ ಮಾಡುವುದೇನು?

ಇನ್ನು ಲೋವರ್ ಪರೇಲಿನ ನಿಜವಾದ ತಲೆನೋವು. ಯಾವ ಗಾಲಾಕ್ಕೆ (ಪ್ರೆಸ್ ನಡೆಯುವ ಮಳಿಗೆಗೆ) ಹೋದರೂ ಮೊದಲು ಮರಾಠಿಯಲ್ಲಿ ಕೇಳುವುದು ‘ಓಪನ್ ಫೈಲ್ ದ್ಯಾ’, ತಿದ್ದಲು ಬರುವ ಮೂಲ ಫೈಲ್ ಕೊಡಿ ಎಂದು. ಪುಟ ಕಟ್ಟುವ ಸಾಫ್ಟ್‌ವೇರ್‌ಗಳಾದ ಕೋರೆಲ್ ಡ್ರಾ ಅಥವಾ ಇನ್‌ಡಿಸೈನ್ ಫೈಲ್ ಕೈಯಲ್ಲಿದ್ದರೆ ಅಂಚು ಸರಿಸಲು, ಕೊನೆ ಗಳಿಗೆಯಲ್ಲಿ ಜಾಹೀರಾತು ಬದಲಿಸಲು ಅವರಿಗೆ ಸಲೀಸು. ಇಂಗ್ಲಿಷ್ ಕೆಲಸಕ್ಕೆ ಸರಿ. ಕನ್ನಡಕ್ಕೆ ಕೊಟ್ಟಿರೋ, ಕೆಟ್ಟಿರಿ.

ಕಾರಣ ಇಷ್ಟೆ. ಈಗ ಎಲ್ಲ ಕಂಪ್ಯೂಟರುಗಳೂ ಬಳಸುವ ಅಕ್ಷರಸಂಕೇತ ಯೂನಿಕೋಡ್‌ನಲ್ಲಿ ‘ಕ್ಷ’ ಒಂದೇ ಅಕ್ಷರವಾಗಿ ಇರುವುದಿಲ್ಲ. ಕ, ಹಲಂತ, ಷ ಎಂಬ ಮೂರು ಸಂಕೇತಗಳನ್ನು ಸಾಫ್ಟ್‌ವೇರ್ ಕೂಡಿಸಿ ತೋರಿಸಬೇಕು. ಕೂಡಿಸಲು ಬಾರದ ಕಡೆ ‘ಅಧ್ಯಕ್ಷರು’ ಹೋಗಿ ‘ಅಧ್‌ಯಕ್‌ಷರು’ ಆಗುತ್ತಾರೆ. ಹಳೆಯ ಕೋರೆಲ್ ಡ್ರಾಗಳಲ್ಲಿ ಇದು ದಿನನಿತ್ಯದ ಗೋಳು. ಇನ್‌ಡಿಸೈನ್‌ಗೆ 2012ರ ಸಿಎಸ್6ರಿಂದ ಭಾರತೀಯ ಲಿಪಿಗಳ ಜೋಡಣೆ ಬಂದಿದೆ ನಿಜ. ಆದರೆ ಪ್ಯಾರಾಗ್ರಾಫ್ ಸ್ಟೈಲ್‌ನ ಜಸ್ಟಿಫಿಕೇಶನ್ ವಿಭಾಗದಲ್ಲಿ ಅಕ್ಷರ ಜೋಡಿಸುವ ಆಯ್ಕೆಯಾದ ಕಂಪೋಸರ್ ‘ವರ್ಲ್ಡ್ ರೆಡಿ’ ಎಂದು ಇಟ್ಟಿರದಿದ್ದರೆ ಅಲ್ಲೂ ಅದೇ ಗತಿ. ಹಳೆಯ ಪೇಜ್‌ಮೇಕರ್‌ಗಂತೂ ಯೂನಿಕೋಡೇ ಗೊತ್ತಿಲ್ಲ, ಆದರೂ ಕೆಲವು ಗಾಲಾಗಳಲ್ಲಿ ಅದರ ಆಯುಷ್ಯ ಇನ್ನೂ ಮುಗಿದಿಲ್ಲ.

ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಲೇಖನಗಳದು ಬೇರೆಯೇ ಕತೆ. ಅವುಗಳ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ವೇಷ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ವೇಷ ಕಳಚಿ ಚಿಹ್ನೆಗಳ ರಾಶಿ ಉಳಿಯುತ್ತದೆ. ಮುಂಬಯಿಯ ಮರಾಠಿ ಪ್ರೆಸ್ಸುಗಳಲ್ಲಿ ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ ಇರುತ್ತದೆ, ಅದರಲ್ಲಿ ಕನ್ನಡವೂ ಇದೆ ಎಂದು ಅವರು ಧೈರ್ಯ ಹೇಳುತ್ತಾರೆ. ಆದರೆ ನುಡಿಯ ಸಂಕೇತವೂ ಶ್ರೀಲಿಪಿಯ ಸಂಕೇತವೂ ಒಂದೇ ಅಲ್ಲ. ಫಾಂಟ್ ಬದಲಿಸಿದ ಕೂಡಲೇ ಕನ್ನಡದಂತೆ ಕಾಣುವ, ಆದರೆ ಯಾರೂ ಓದಲಾಗದ ಏನೋ ಒಂದು ತಯಾರಾಗುತ್ತದೆ. ಆಪರೇಟರ್ ಕಣ್ಣಿಗೆ ಅದೂ ಕನ್ನಡವೇ. ಪಾಪ, ಅವನ ತಪ್ಪಲ್ಲ.

ಹಾಗಾಗಿ ಎಲ್ಲ ಲೇಖನಗಳನ್ನೂ ಯೂನಿಕೋಡ್‌ಗೆ ತಂದುಕೊಳ್ಳುವುದು ನಮ್ಮ ಕೆಲಸ. ಪರಿವರ್ತಕದಿಂದ ಬಂದದ್ದನ್ನು ನಂಬಬೇಡಿ, ಮೂರು ಕಡೆ ಕಣ್ಣಿಡಿ. ಒಂದು, ಅರ್ಕಾವತ್ತು. ಎರಡು, ನಡುವೆ ಇಂಗ್ಲಿಷಿನಲ್ಲಿದ್ದ ಇಮೇಲ್ ವಿಳಾಸ, ಅಂಗಡಿಯ ಹೆಸರು. ಪರಿವರ್ತಕ ಅವನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿರುತ್ತದೆ. ಮೂರು, ಅರ್ಧಾಕ್ಷರವನ್ನು ಬಿಡಿಸಿ ನಿಲ್ಲಿಸುವ ಕಣ್ಣಿಗೆ ಕಾಣದ ಗುರುತು. ಅದು ಬಿದ್ದುಹೋದರೆ ‘ಘಾಟ್‌ಕೋಪರ್’ ಎಂಬುದು ‘ಘಾಟ್ಕೋಪರ್’ ಆಗುತ್ತದೆ, ‘ಹೋಟೆಲ್‌ಗಳು’ ‘ಹೋಟೆಲ್ಗಳು’ ಆಗುತ್ತವೆ. ಮುಂಬಯಿಯ ಜಾಹೀರಾತುಗಳಲ್ಲಿ ಇಂಥ ಹೆಸರುಗಳೇ ತುಂಬಿರುವುದರಿಂದ ಈ ಕಾಟ ಇಲ್ಲಿ ಹೆಚ್ಚು.

ಪ್ರೆಸ್ಸಿಗೆ ಹೋಗುವುದು ಪಿಡಿಎಫ್ ಮಾತ್ರ, ಫಾಂಟ್ ಅದರೊಳಗೇ ಅಡಕವಾಗಿ (ಎಂಬೆಡ್) ಇರಬೇಕು. ಅಷ್ಟಾದರೂ ಅಪಾಯ ಮುಗಿಯಲಿಲ್ಲ. ಪುಟ ಜೋಡಿಸಲು ಆಪರೇಟರ್ ಆ ಪಿಡಿಎಫನ್ನು ಕೋರೆಲ್ ಡ್ರಾದಲ್ಲಿ ತೆರೆದರೆ ಅಕ್ಷರಗಳು ಮತ್ತೆ ಬಿಚ್ಚಿಕೊಳ್ಳುತ್ತವೆ. ತೆರೆಯುವಾಗ ‘ಟೆಕ್ಸ್ಟ್’ ಅಥವಾ ‘ಕರ್ವ್ಸ್’ ಎಂದು ಒಂದು ಆಯ್ಕೆ ಕೇಳುತ್ತದೆ. ‘ಕರ್ವ್ಸ್’ ಎಂದೇ ಇರಬೇಕು, ಆಗ ಅಕ್ಷರ ಬರೀ ಗೆರೆಯ ಚಿತ್ರವಾಗಿ ಬರುತ್ತದೆ. ಹೇಳಿದರೂ ಮರೆಯುತ್ತಾರೆ ಎಂಬ ಅನುಮಾನ ನನಗೆ ಸದಾ ಇರುವುದರಿಂದ ಅಕ್ರೋಬ್ಯಾಟ್ ಪ್ರೊದ ಪ್ರಿಫ್ಲೈಟ್‌ನಲ್ಲಿ (ಅಚ್ಚಿಗೆ ಮುಂಚಿನ ತಪಾಸಣೆಯಲ್ಲಿ) ಫಾಂಟುಗಳನ್ನೆಲ್ಲ ಔಟ್‌ಲೈನ್, ಅಂದರೆ ಅದೇ ಗೆರೆಯ ಚಿತ್ರ, ಮಾಡಿಯೇ ಕೊಡುತ್ತೇನೆ. ಇನ್‌ಡಿಸೈನ್‌ನ ಒಳಗೇ ಔಟ್‌ಲೈನ್ ಮಾಡಬೇಡಿ: ತಾನಾಗಿ ಬಂದ ಬುಲೆಟ್ಟು, ಕ್ರಮಸಂಖ್ಯೆ, ಅಡಿಗೆರೆಗಳು ಅಲ್ಲಿ ಸದ್ದಿಲ್ಲದೆ ಮಾಯವಾಗುತ್ತವೆ. ತಿದ್ದುಪಡಿ ಬಂದರೆ ಪ್ರೆಸ್ಸಿನಲ್ಲಿ ತಿದ್ದಿಸುವ ಮಾತೇ ಇಲ್ಲ. ಆ ಒಂದು ಪುಟದ ಹೊಸ ಪಿಡಿಎಫ್, ಹೆಸರಿನಲ್ಲಿ ಪುಟಸಂಖ್ಯೆ ಮತ್ತು ‘ವಿ2’.

ಇಷ್ಟು ಮಾಡಿದರೆ ಮಂಗಳೂರಿಗಿದ್ದ ದೊಡ್ಡ ಅನುಕೂಲ ಅಲ್ಲಿಗೇ ಸವೆಯಿತು.

ಕಪ್ಪಿನದೂ ಕನ್ನಡಕ್ಕೆ ವಿಶೇಷವಾಗಿ ಕಾಡುವ ವಿಷಯ. ವರ್ಡ್‌ನಿಂದ ನೇರ ಪಿಡಿಎಫ್ ಮಾಡಿದರೆ ಅದರ ಕಪ್ಪು ಆರ್‌ಜಿಬಿಯದು (ಪರದೆಯ ಬಣ್ಣ), ಸಿಎಂವೈಕೆಗೆ (ಅಚ್ಚಿನ ನಾಲ್ಕು ಶಾಯಿಗಳಿಗೆ) ಹೋಗುವಾಗ ನಾಲ್ಕೂ ಬಣ್ಣಗಳಾಗಿ ಹಂಚಿಹೋಗುತ್ತದೆ. ನಾಲ್ಕು ಪ್ಲೇಟುಗಳಲ್ಲಿ ಒಂದು ಕೂದಲೆಳೆ ಸರಿದರೂ ಸಣ್ಣ ಒತ್ತುಗಳ ಸುತ್ತ ಕೆಂಪು, ನೀಲಿ ನೆರಳು. ಅಕ್ರೋಬ್ಯಾಟ್‌ನ ಔಟ್‌ಪುಟ್ ಪ್ರಿವ್ಯೂ ತೆರೆದು ಕಪ್ಪಿನ ಗುರುತು ತೆಗೆದು ನೋಡಿ; ಅಕ್ಷರವೆಲ್ಲ ಮಾಯವಾದರೆ ಸರಿ, ಮಸುಕಾಗಿ ಉಳಿದರೆ ಫೈಲ್ ವಾಪಸ್. ಗಾಢ ಬಣ್ಣದ ಮೇಲೆ ಬಿಳಿ ಕನ್ನಡವನ್ನು 9 ಪಾಯಿಂಟಿಗಿಂತ ಸಣ್ಣದು ಮಾಡಿದರೆ ಒತ್ತಿನ ಹೊಟ್ಟೆ ಮುಚ್ಚಿಕೊಳ್ಳುತ್ತದೆ. ಸಾಲಿನ ಅಂತರವೂ ಹಾಗೆಯೇ, 11 ಪಾಯಿಂಟ್ ಅಕ್ಷರಕ್ಕೆ 16 ಕೊಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಬ್ಲೀಡ್ 3 ಮಿಲಿಮೀಟರ್, ಅದರಲ್ಲಿ ಹೇಳುವುದೇನಿಲ್ಲ.

ಜಾಹೀರಾತಿನವರು ವಾಟ್ಸಾಪ್‌ನಲ್ಲಿ ಕಳಿಸುವ ಚಿತ್ರ ಸಾಮಾನ್ಯವಾಗಿ ಉದ್ದಕ್ಕೆ ಸುಮಾರು 1600 ಪಿಕ್ಸೆಲ್‌ಗೆ ಇಳಿದಿರುತ್ತದೆ. 300 ಡಿಪಿಐ ಲೆಕ್ಕದಲ್ಲಿ ಅದು ಐದು ಇಂಚು ಚಿಲ್ಲರೆ, ಪೂರ್ತಿ ಪುಟಕ್ಕೆ ಬೇಕಾದದ್ದು 2850. ‘ಡಾಕ್ಯುಮೆಂಟ್ ಆಗಿ ಕಳಿಸಿ ಅಣ್ಣಾ’ ಎಂದು ಕೇಳಿಕೊಳ್ಳಬೇಕು. ಮತ್ತೆ ಮತ್ತೆ.

ಖರ್ಚು ಉಳಿಯುವುದು ಫಾರ್ಮಿನ ಲೆಕ್ಕದಲ್ಲಿ. 20 × 30 ಇಂಚಿನ ಹಾಳೆಯ ಎರಡೂ ಬದಿ ಸೇರಿ ಕ್ರೌನ್ ಕ್ವಾರ್ಟೊದ 16 ಪುಟ ಕೂರುತ್ತವೆ, ಅದೇ ಒಂದು ಫಾರ್ಮ್; 96 ಪುಟ ಎಂದರೆ ಆರು ಫಾರ್ಮ್. ಹಾಳೆಯ ಒಂದೊಂದು ಬದಿಗೂ ಬಣ್ಣಕ್ಕೊಂದು ಪ್ಲೇಟು ಬೇಕು, ಎಲ್ಲವೂ ನಾಲ್ಕು ಬಣ್ಣವಾದರೆ 48 ಪ್ಲೇಟು. ಬಣ್ಣದ ಜಾಹೀರಾತುಗಳನ್ನೆಲ್ಲ ಮೊದಲ 16 ಮತ್ತು ಕೊನೆಯ 16 ಪುಟಗಳಿಗೆ ಕೂಡಿಹಾಕಿ ನಡುವಿನ 64 ಪುಟಗಳನ್ನು ಬರೀ ಕಪ್ಪು ಮಾಡಿದರೆ 24 ಪ್ಲೇಟಿಗೆ ಕೆಲಸ ಮುಗಿಯುತ್ತದೆ. ಆ 64 ಪುಟಗಳಿಗೆ 80 ಜಿಎಸ್‌ಎಂ ಮ್ಯಾಪ್‌ಲಿಥೊ (ಹೊಳಪಿಲ್ಲದ ಕಾಗದ) ಹಾಕಿದರೆ ಓದುವವರ ಕಣ್ಣಿಗೂ ಹಿತ. ‘ಇನ್ನು ನಾಲ್ಕೇ ಪುಟ’ ಎಂದು ಸಮಿತಿಯವರು ಕೊನೆಗೆ ಜಾಹೀರಾತು ತರುತ್ತಾರೆ ನೋಡಿ, ಆ 100ನೇ ಪುಟದಷ್ಟು ದುಬಾರಿ ಪುಟ ಬೇರೆ ಇಲ್ಲ: ನಾಲ್ಕು ಪುಟಕ್ಕಾಗಿ ಬೇರೆ ಪ್ಲೇಟು, ಬೇರೆ ಸೆಟ್ಟಿಂಗು. ಒಂದೋ 96, ಇಲ್ಲವೇ 112. ಪ್ರತಿಗಳ ಸಂಖ್ಯೆಯೂ ಹಾಗೆಯೇ. ಪ್ಲೇಟಿನ ಮತ್ತು ಮೆಷಿನ್ ಹೊಂದಿಸುವ ಖರ್ಚು 500ಕ್ಕೂ 1000ಕ್ಕೂ ಒಂದೇ ಆದ್ದರಿಂದ 500 ಹೊಡೆಸಿದರೆ ಬಿಲ್ಲು ಅರ್ಧವಾಗುವುದಿಲ್ಲ.

ಮೆಷಿನ್ ಹತ್ತಿರ ನಿಂತರೆ ಸಿಗುವ ಲಾಭ ಏನೆಂದರೆ, ಹೊಂದಾಣಿಕೆಯ ಹಾಳೆಗಳು ಹೊರಬರುವಾಗಲೇ ಒಂದನ್ನು ಎಳೆದು ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ನೋಡಬಹುದು. ನಾಲ್ಕು ಬಣ್ಣದ ಅಡ್ಡ ಗುರುತುಗಳು ಒಂದರ ಮೇಲೊಂದು ಕೂತಿವೆಯೇ, ಮುಖಗಳು ಕೆಂಪೇರಿವೆಯೇ. ಹಾಳೆ ಸಾಗುವ ದಿಕ್ಕಿನಲ್ಲಿ ಒಂದರ ಹಿಂದೆ ಒಂದು ಬರುವ ಪುಟಗಳಿಗೆ ಶಾಯಿ ಒಂದೇ ಕೀಲಿಯಿಂದ (ಶಾಯಿ ಏರಿಸಿ ಇಳಿಸುವ ತಿರುಪಿನಿಂದ) ಬರುತ್ತದೆ. ಹೋಟೆಲಿನವರ ಜಾಹೀರಾತಿನ ಗಾಢ ಕೆಂಪಿಗಾಗಿ ಕೀಲಿ ತೆರೆದರೆ ಅದೇ ಪಟ್ಟಿಯಲ್ಲಿರುವ ಅಧ್ಯಕ್ಷರ ಮುಖವೂ ಕೆಂಪಗಾಗುತ್ತದೆ. ಆಪರೇಟರ್ ‘ಯಾವುದನ್ನು ಉಳಿಸಲಿ?’ ಎಂದು ಹಿಂದಿಯಲ್ಲಿ ಕೇಳುತ್ತಾನೆ. ಉತ್ತರ ಕೊಡಲು ಅಲ್ಲಿ ಒಬ್ಬರು ಇರಬೇಕು. ನಾನಂತೂ ಮುಖ ಉಳಿಸುತ್ತೇನೆ. ಒಪ್ಪಿದ ಹಾಳೆಗೆ ಸಹಿ ಹಾಕಿ ಒಂದು ನಾವಿಟ್ಟುಕೊಂಡು ಒಂದು ಅವರ ಮೇಜಿನ ಮೇಲೆ ಇಟ್ಟರೆ ಆಮೇಲೆ ವಾದವಿಲ್ಲ.

ಬೈಂಡಿಂಗ್‌ಗೆ ಒಂದೇ ಮಾತು: ಆರ್ಟ್ ಪೇಪರ್ ಫಾರ್ಮುಗಳಿದ್ದರೆ ಬರೀ ಅಂಟಿನ ಪರ್ಫೆಕ್ಟ್ ಬೈಂಡಿಂಗ್ ಬೇಡ, ಸೆಕ್ಷನ್ ಹೊಲಿಗೆ (ಮಡಚಿದ ಫಾರ್ಮುಗಳನ್ನು ದಾರದಿಂದ ಹೊಲಿಯುವುದು) ಹಾಕಿಸಿ. ನುಣುಪು ಕಾಗದವನ್ನು ಹಾಟ್‌ಮೆಲ್ಟ್ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ನನ್ನ ಲೆಕ್ಕಾಚಾರಕ್ಕೆ ನನ್ನದೇ ಅನುಕೂಲವೂ ಕಾರಣ. ಡೊಂಬಿವಲಿಯಿಂದ ಬರುವವನು ಕರಿ ರೋಡಿನಲ್ಲಿ ಇಳಿದರೆ ಪ್ರೆಸ್ಸು ನಡೆದುಹೋಗುವಷ್ಟು ಹತ್ತಿರ, ಇನ್‌ಡಿಸೈನ್ ನನ್ನ ಕಂಪ್ಯೂಟರಿನಲ್ಲೇ ಇದೆ. ಅಚ್ಚಿನ ದರ ಮಂಗಳೂರಿಗಿಂತ ಜಾಸ್ತಿಯೇ, ಆದರೆ ಸಾಗಣೆ ಕೂಡಿಸಿದರೆ ಅಂತರ ಕಿರಿದಾಗುತ್ತದೆ, ಉಳಿದದ್ದನ್ನು ಒಂದು ಅರ್ಧಪುಟದ ಜಾಹೀರಾತು ತುಂಬುತ್ತದೆ. ಪುಟ ಕಟ್ಟಲು ಬಲ್ಲವರು ಸಂಘದಲ್ಲಿ ಯಾರೂ ಇಲ್ಲ, ಲೇಖನಗಳು ಕೈಬರಹದಲ್ಲೇ ಬರುತ್ತವೆ ಎನ್ನುವವರು ಮಂಗಳೂರಿಗೇ ಹೋಗಿ. ಕವರ್ ಬಿಟ್ಟರೆ ಬೇರೆ ಬಣ್ಣವಿಲ್ಲದ, ಡೆಮಿ ಅಷ್ಟಕದ (ಸಾಮಾನ್ಯ ಕಾದಂಬರಿಯ ಅಳತೆಯ) ಕಥಾಸಂಕಲನವಾದರೆ ನಾನೂ ಅಲ್ಲಿಗೇ ಕಳಿಸುವವನು, ಆದರೆ ಕವರ್ ಮಾತ್ರ ಲೋವರ್ ಪರೇಲಿನಲ್ಲಿ ಹೊಡೆಸಿ, ಲ್ಯಾಮಿನೇಶನ್ ಮಾಡಿಸಿ, ಚಪ್ಪಟೆಯಾಗಿ ಕಟ್ಟಿ ಬಸ್ಸಿಗೆ ಹಾಕುತ್ತೇನೆ.