ಹಳೆ ಬಿ450 ಬೋರ್ಡಿಗೆ ರೈಜೆನ್ 7 5700ಎಕ್ಸ್: ಪ್ರೊಸೆಸರ್ ಚಲೋ, ಸುತ್ತಲಿನದನ್ನು ನೋಡಿ ಹಾಕಿಸಿ

ಎಎಂಡಿಯ ಬಿ450 ಚಿಪ್‌ಸೆಟ್‌ನ ಮದರ್‌ಬೋರ್ಡ್‌ಗಳು ಬಂದದ್ದು 2018ರಲ್ಲಿ. ಆಗ ರೈಜೆನ್ 5 2600 ಪ್ರೊಸೆಸರ್ ಹಾಕಿ ಕಟ್ಟಿಸಿದ ಕಂಪ್ಯೂಟರ್‌ಗಳು ಹುಬ್ಬಳ್ಳಿ-ಧಾರವಾಡದ ಮದುವೆ ವಿಡಿಯೊ ಸ್ಟುಡಿಯೊಗಳಲ್ಲಿ, ಮುದ್ರಣ ಕಾಶಿ ಎನಿಸಿಕೊಂಡ ಗದಗದ ಪ್ರೆಸ್‌ಗಳಲ್ಲಿ, ಹಾವೇರಿ ಕಡೆಯ ಆನ್‌ಲೈನ್ ಸೆಂಟರ್‌ಗಳಲ್ಲಿ ಇನ್ನೂ ದುಡಿಯುತ್ತಿವೆ. ಬೋರ್ಡ್ ಬದಲಿಸದೆ, ರ್‍ಯಾಮ್ ಬದಲಿಸದೆ, ಪ್ರೊಸೆಸರ್ ಒಂದನ್ನೇ ತೆಗೆದು ಹಾಕಿ ಇನ್ನೂ ಮೂರು-ನಾಲ್ಕು ವರ್ಷ ಓಡಿಸಬೇಕೆನ್ನುವವರಿಗೆ 5700ಎಕ್ಸ್ ಇವತ್ತಿಗೂ ಸರಿಯಾದ ಆಯ್ಕೆ. ಆದರೆ ಇದನ್ನು ಹಾಕಿಸಿದ ವಾರದೊಳಗೆ ಅಂಗಡಿಗೆ ಮರಳಿ ಬರುವ ದೂರು ಒಂದೇ ತರಹದ್ದು: "ಹೊಸಾ ಪ್ರೊಸೆಸರ್ ಹಾಕ್ಸಿದಾಗಿಂದ ತಾನ ಬಂದ್ ಆಗಿ ತಾನ ಚಾಲೂ ಆಗಾಕತ್ತೈತ್ರೀ." ಇಂಥ ಹತ್ತು ದೂರುಗಳಲ್ಲಿ ಹೆಚ್ಚಿನವಕ್ಕೆ ಪ್ರೊಸೆಸರ್ ಕಾರಣವಲ್ಲ. ವರ್ಷಗಟ್ಟಲೆ ಹಳೆಯ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ವಿದ್ಯುತ್ ಕೊಡುವ ಪೆಟ್ಟಿಗೆ), ಬಯಾಸ್‌ನಲ್ಲಿ (ಬೋರ್ಡನ್ನು ಎಬ್ಬಿಸುವ ತಂತ್ರಾಂಶದಲ್ಲಿ) ಉಳಿದ ಹಳೆ ಸೆಟಿಂಗ್, ಜೋಡಿಯಾಗದ ರ್‍ಯಾಮ್, ಇವುಗಳ ಪಾಲೇ ದೊಡ್ಡದು. ಹಾಗಾಗಿ ಈ ವಿಮರ್ಶೆಯಲ್ಲಿ ವೇಗಕ್ಕಿಂತ ಸ್ಥಿರತೆಯ ಮಾತು ಹೆಚ್ಚು.

ಮೊದಲು ಸರಕಿನ ವಿಷಯ ಮುಗಿಸೋಣ. 5700ಎಕ್ಸ್ 2022ರ ಏಪ್ರಿಲ್‌ನಲ್ಲಿ ಬಂತು. 8 ಕೋರ್, 16 ಥ್ರೆಡ್, ಮೂಲ ವೇಗ 3.4 ಗಿಗಾಹರ್ಟ್ಸ್, ಗರಿಷ್ಠ 4.6. ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಸ್ಮೃತಿ) 32 ಎಂಬಿ, ಅದೂ ಎಂಟೂ ಕೋರ್‌ಗಳಿಗೆ ಒಂದೇ ಕಡೆ ಸಿಗುತ್ತದೆ. 2600ದಲ್ಲಿ 16 ಎಂಬಿ ಇದ್ದು ಎರಡು ಪಾಲಾಗಿತ್ತು. ಕೋರೆಲ್‌ಡ್ರಾದಲ್ಲಿ ಭಾರೀ ಫೈಲ್ ತೆರೆಯುವಾಗ, ಪ್ರೀಮಿಯರ್‌ನಲ್ಲಿ ಟೈಮ್‌ಲೈನ್ ಎಳೆದಾಡುವಾಗ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಕೆಲಸ ಬರೀ ಟ್ಯಾಲಿ, ನುಡಿ, ಬ್ರೌಸರ್ ಆಗಿದ್ದರೆ ಇಷ್ಟು ಖರ್ಚು ಬೇಡ. 6 ಕೋರ್‌ನ ರೈಜೆನ್ 5 5600 ಸಾಕು, ಅದರ ಡಬ್ಬಿಯಲ್ಲಿ ಕೂಲರ್ ಕೂಡ ಇರುತ್ತದೆ. 5700ಎಕ್ಸ್ ಡಬ್ಬಿಯಲ್ಲಿ ಕೂಲರ್ ಇಲ್ಲ. 5800ಎಕ್ಸ್ ಅನ್ನು ಅಗ್ಗದ ಬಿ450 ಬೋರ್ಡಿಗೆ ಹಾಕಿಸಬೇಡಿ. 5700ಎಕ್ಸ್ ಪೂರ್ತಿ ಲೋಡ್‌ನಲ್ಲಿ 76 ವ್ಯಾಟ್‌ಗೆ ನಿಲ್ಲುತ್ತದೆ, 5800ಎಕ್ಸ್ 142ರವರೆಗೆ ಹೋಗುತ್ತದೆ. ಸಾಕೆಟ್ ಪಕ್ಕದಲ್ಲಿ ಪ್ರೊಸೆಸರ್‌ಗೆ ವಿದ್ಯುತ್ ಹದಮಾಡಿ ಕೊಡುವ ವಿಆರ್‌ಎಂಗೆ ಹೀಟ್‌ಸಿಂಕ್ ಸಹ ಇಲ್ಲದ ಬೋರ್ಡ್‌ಗಳು ಆ ಭಾರ ತಾಳುವುದಿಲ್ಲ.

ಇನ್ನೊಂದು ಮಾತು. 5700ಎಕ್ಸ್ ಒಳಗೆ ಗ್ರಾಫಿಕ್ಸ್ ಇಲ್ಲ. 2200ಜಿ, 3200ಜಿ, 3400ಜಿ ಹಾಕಿಕೊಂಡು ಬೋರ್ಡಿನ ಎಚ್‌ಡಿಎಂಐಗೇ ಮಾನಿಟರ್ ಸಿಕ್ಕಿಸಿದವರು ಇದನ್ನು ಹಾಕಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಅದು ದೋಷವಲ್ಲ, ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು.

ಈಗ ಹಾಕುವ ಕ್ರಮ. ಹಳೆ ಪ್ರೊಸೆಸರ್ ಇನ್ನೂ ಸಾಕೆಟ್‌ನಲ್ಲಿ ಇರುವಾಗಲೇ ಬಯಾಸ್ ಅಪ್‌ಡೇಟ್ ಆಗಬೇಕು. ಬೋರ್ಡ್ ಕಂಪನಿಯ ಜಾಲತಾಣದಲ್ಲಿ ಪ್ರೊಸೆಸರ್ ಪಟ್ಟಿ ತೆಗೆದು 5700ಎಕ್ಸ್ ಎದುರಿಗೆ ಯಾವ ಆವೃತ್ತಿ ಬರೆದಿದೆ ನೋಡಿ, ಅದಕ್ಕಿಂತ ಹೊಸದನ್ನೇ ಹಾಕಿ. ಬಯಾಸ್ ಒಳಗೆ ಎಎಂಡಿ ಕೊಡುವ ಅಜೆಸಾ ಭಾಗ 1.2.0.7 ಅಥವಾ ಅದರ ಮುಂದಿನದು ಇದ್ದರೆ ಒಳ್ಳೆಯದು. ಎಫ್‌ಟಿಪಿಎಂ (ಪ್ರೊಸೆಸರ್ ಒಳಗೆ ಭದ್ರತಾ ಕೀಗಳನ್ನು ಕಾಯುವ ಭಾಗ) ಚಾಲೂ ಇದ್ದಾಗ ಒಂದೆರಡು ಕ್ಷಣ ಇಡೀ ಮಷಿನ್ ತಡವರಿಸುವ, ಧ್ವನಿ ಒಡೆಯುವ ತೊಂದರೆ ಸರಿಹೋದದ್ದು ಆ ಆವೃತ್ತಿಯಲ್ಲಿ. ಯುಎಸ್‌ಬಿ ಸಾಧನಗಳು ತಾವಾಗೇ ಬಿಟ್ಟುಹೋಗುವ ತೊಂದರೆ ಅದಕ್ಕೂ ಮುಂಚೆ, 1.2.0.2ರಲ್ಲಿ ಸರಿಹೋಗಿತ್ತು. ಪೆನ್‌ಡ್ರೈವ್ ಅನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಬಯಾಸ್ ಒಳಗಿನಿಂದಲೇ ಅಪ್‌ಡೇಟ್ ಮಾಡಿ, ವಿಂಡೋಸ್‌ನಿಂದ ಬೇಡ. ಯುಪಿಎಸ್ ಬ್ಯಾಟರಿ ಐದು ನಿಮಿಷವಾದರೂ ನಿಲ್ಲುತ್ತದೆಯೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಿ. ನಡುವೆ ಕರೆಂಟ್ ಹೋದರೆ ಬೋರ್ಡ್ ಏಳುವುದೇ ಇಲ್ಲ.

ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ಅದನ್ನು ಸಸ್ಪೆಂಡ್ ಮಾಡಿ, ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಹೊಸ ಪ್ರೊಸೆಸರ್ ಹಾಕಿ ಮೊದಲ ಸಲ ಚಾಲೂ ಮಾಡಿದಾಗ ಎಫ್‌ಟಿಪಿಎಂ ರೀಸೆಟ್ ಮಾಡಲೇ ಎಂದು ಪರದೆ ಕೇಳುತ್ತದೆ, ವೈ ಅಥವಾ ಎನ್ ಒತ್ತಬೇಕು. ಕೀ ಇಲ್ಲದೆ ವೈ ಒತ್ತಿದವರ ಡಿಸ್ಕ್ ಬೀಗ ಬಿದ್ದು ಕೂತುಬಿಡುತ್ತದೆ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದವರಲ್ಲಿ ಕೆಲವರಿಗೆ ತಮ್ಮ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವುದೇ ಗೊತ್ತಿರುವುದಿಲ್ಲ. ಸ್ಟುಡಿಯೊದವರು ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅದರೊಳಗಿರುವುದು ಬೇರೆಯವರ ಮನೆಯ ಮದುವೆ.

ಕೂಲರ್ ಬಿಚ್ಚುವುದನ್ನು ಹತ್ತಿರದಿಂದ ನೋಡಬೇಕು. ಮಷಿನ್ ಹತ್ತು ನಿಮಿಷ ಓಡಿಸಿ ಪ್ರೊಸೆಸರ್ ಮತ್ತು ಕೂಲರ್ ನಡುವಿನ ಪೇಸ್ಟ್ ಬೆಚ್ಚಗಾದ ಮೇಲೆ ಬಂದ್ ಮಾಡಿ, ಪ್ಲಗ್ ಕಿತ್ತು, ನಾಲ್ಕು ಸ್ಕ್ರೂಗಳನ್ನು ಕರ್ಣರೇಖೆಯಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಆಮೇಲೆ ಕೂಲರ್ ಅನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುವುತ್ತ ಅಂಟು ಬಿಡಿಸಬೇಕು, ನೇರ ಮೇಲಕ್ಕೆ ಜಗ್ಗಬಾರದು. ಒಣಗಿದ ಪೇಸ್ಟ್ ಗಮ್ಮಿನಂತೆ ಹಿಡಿದಿರುತ್ತದೆ. ಜಗ್ಗಿದರೆ ಸಾಕೆಟ್‌ನ ಲಿವರ್ ಹಾಕಿದ್ದರೂ ಪ್ರೊಸೆಸರ್ ಕೂಲರ್ ತಳಕ್ಕೆ ಅಂಟಿಕೊಂಡೇ ಕಿತ್ತು ಬರುತ್ತದೆ, 1331 ಪಿನ್‌ಗಳಲ್ಲಿ ನಾಲ್ಕಾದರೂ ಬಾಗುತ್ತವೆ. ಸ್ಕ್ರೂ ಬಿಚ್ಚಿದ ಕೂಡಲೇ ಬೋರ್ಡಿನ ಹಿಂದಿನ ಬ್ಯಾಕ್‌ಪ್ಲೇಟ್ ಸಹ ಕಳಚಿ ಬೀಳುತ್ತದೆ, ಒಂದು ಕೈ ಅಲ್ಲಿರಲಿ. 2600ದ ಜೊತೆ ಬರುವ ವ್ರೈತ್ ಸ್ಟೆಲ್ತ್ ಕೂಲರ್ ಕೂರಿಸುವಾಗ ಬೋರ್ಡಿನ ಮೇಲಿನ ಎರಡು ಪ್ಲಾಸ್ಟಿಕ್ ಕೊಂಡಿಗಳನ್ನು ತೆಗೆದಿರುತ್ತಾರೆ. ಹೊಸ ಟವರ್ ಕೂಲರ್ ಕ್ಲಿಪ್ ಮಾದರಿಯದಾದರೆ ಅವೇ ಕೊಂಡಿ ಮರಳಿ ಬೇಕು, ಹಳೆ ಡಬ್ಬಿ ಮನೆಯಲ್ಲಿದ್ದರೆ ಅಟ್ಟದಿಂದ ಇಳಿಸಿ ಹುಡುಕಿಟ್ಟುಕೊಳ್ಳಿ.

ಸ್ಟೆಲ್ತ್ ಕೂಲರನ್ನೇ ಮುಂದುವರಿಸಬಹುದೇ? ಚಳಿಗಾಲದಲ್ಲಿ ನಡೆದೀತು. ಏಪ್ರಿಲ್-ಮೇ ತಿಂಗಳಲ್ಲಿ ಹುಬ್ಬಳ್ಳಿಯ ಬಿಸಿಲು 37 ಡಿಗ್ರಿ ಆಸುಪಾಸು ಇರುವಾಗ, ಪತ್ರಾಸ್ ಮಾಳಿಗೆಯ ಕೋಣೆಯಲ್ಲಿ ರೆಂಡರ್ ಹಚ್ಚಿದರೆ ಸಾಗುವುದಿಲ್ಲ. ಈ ಪ್ರೊಸೆಸರ್‌ನ ಮಿತಿ 90 ಡಿಗ್ರಿ, ಅಲ್ಲಿಗೆ ಮುಟ್ಟಿದರೆ ವೇಗ ತಾನೇ ಇಳಿಸಿಕೊಳ್ಳುತ್ತದೆ. ಎಂಟು ಕೋರ್‌ಗಳ ಕಾವೆಲ್ಲ ಒಂದು ಚಿಕ್ಕ ಚಿಪ್‌ನಿಂದ ಏಳುವುದರಿಂದ 76 ವ್ಯಾಟ್ ಎಂದರೂ ಅದನ್ನು ಎಳೆದು ಹೊರಹಾಕಲು ತಾಮ್ರದ ಪೈಪ್ ಬೇಕು. 120 ಮಿಲಿಮೀಟರ್ ಫ್ಯಾನ್, ನಾಲ್ಕು ಹೀಟ್‌ಪೈಪ್ ಇರುವ ಒಂಟಿ ಟವರ್ ಸಾಕು, ನೀರಿನ ಕೂಲರ್‌ಗೆ ದುಡ್ಡು ಸುರಿಯಬೇಡಿ. ಎರೆಮಣ್ಣಿನ ದೂಳು ಕ್ಯಾಬಿನೆಟ್ ಮುಂದಿನ ಜಾಲರಿಯಲ್ಲಿ ಹಿಟ್ಟಿನಂತೆ ಕೂರುತ್ತದೆ. ನವಲಗುಂದ, ಗದಗ ಕಡೆಯವರು ತಿಂಗಳಿಗೊಮ್ಮೆ ಬ್ರಷ್ ಆಡಿಸಲೇಬೇಕು.

ಇಷ್ಟಾದ ಮೇಲೂ ಬಂದ್ ಆಗುತ್ತಿದ್ದರೆ, ಫಾರ್ಮ್ಯಾಟ್ ಹೊಡೆಯಲು ಓಡುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಯಾವಾಗ ಬಂದ್ ಆಗುತ್ತದೆ? ಕೆಲಸ ಜೋರಾಗಿದ್ದಾಗಲೋ, ಸುಮ್ಮನೆ ಇದ್ದಾಗಲೋ? ಎರಡರ ಕಾರಣಗಳು ಒಂದಕ್ಕೊಂದು ಉಲ್ಟಾ. ಅರ್ಧ ದಾರಿ ಇಲ್ಲೇ ಮುಗಿಯುತ್ತದೆ.

ಯಾವುದನ್ನೂ ಪರೀಕ್ಷಿಸುವ ಮೊದಲು ಎಲ್ಲವನ್ನೂ ಮೂಲಸ್ಥಿತಿಗೆ ತನ್ನಿ. ಪ್ಲಗ್ ಕಿತ್ತು, ಬೋರ್ಡಿನ ಸಿಆರ್2032 ಸೆಲ್ ತೆಗೆದು ಐದು ನಿಮಿಷ ಬಿಡಿ, ಅಥವಾ ಬಯಾಸ್ ಸೆಟಿಂಗ್ ಅಳಿಸುವ ಕ್ಲಿಯರ್ ಸಿಮೋಸ್ ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಜೋಡಿಸಿ ಹಿಡಿಯಿರಿ. 2600 ಇದ್ದಾಗ ಯಾರೋ 3.9 ಗಿಗಾಹರ್ಟ್ಸ್‌ಗೆ ಕಟ್ಟಿ 1.35 ವೋಲ್ಟ್ ಕೊಟ್ಟಿದ್ದರೆ ಆ ವೋಲ್ಟೇಜ್ ಸೆಟಿಂಗ್ ಹೊಸದರ ತಲೆಗೆ ಬರಬಾರದು. ಕೆಲ ಹಳೆ ವಿಂಡೋಸ್ ಡಿಸ್ಕ್‌ಗಳು ಇದಾದ ಮೇಲೆ ಬೂಟ್ ಆಗುವುದಿಲ್ಲ, ಆಗ ಬಯಾಸ್‌ನಲ್ಲಿ ಹಳೆ ರೀತಿಯ ಬೂಟ್‌ಗೆ ಅವಕಾಶ ಕೊಡುವ ಸಿಎಸ್‌ಎಂ ಚಾಲೂ ಮಾಡಿ ನೋಡಿ. ಪ್ರೊಸೆಸರ್ ವೇಗ ಹೆಚ್ಚಿಸುವ ಪಿಬಿಒ, ಅದರ ವೋಲ್ಟೇಜ್ ತಿದ್ದುವ ಕರ್ವ್ ಆಪ್ಟಿಮೈಸರ್, ಮೆಮರಿ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಎಲ್ಲ ಬಂದ್. ಹೀಗೆ ಒಂದು ದಿನ ಪೂರ್ತಿ ಓಡಿಸಿ. ಸ್ಥಿರವಾಗಿದ್ದರೆ ಪ್ರೊಸೆಸರ್ ಚೆನ್ನಾಗಿದೆ ಎಂದೇ ಹಿಡಿಯಿರಿ. ಮುಂದೆ ಒಂದೊಂದೇ ಸೆಟಿಂಗ್ ಮರಳಿ ಹಾಕುತ್ತ ಬನ್ನಿ, ಒಂದೇ ಸಲ ಎರಡು ಬದಲಿಸಿದರೆ ತಪ್ಪು ಯಾವುದರದೆಂದು ಎಂದಿಗೂ ತಿಳಿಯುವುದಿಲ್ಲ.

ಎಕ್ಸ್‌ಎಂಪಿ ಹಾಕಿದ ಕೂಡಲೇ ಬ್ಲೂ ಸ್ಕ್ರೀನ್, ಬ್ರೌಸರ್ ಟ್ಯಾಬ್ ತಾನಾಗೇ ಮುರಿಯುವುದು, ಜಿಪ್ ಫೈಲ್ ಹಾಳಾಗಿದೆ ಎನ್ನುವುದು, ಇವು ರ್‍ಯಾಮ್ ಲಕ್ಷಣ. ಇಲ್ಲಿ ಬಹಳ ಕಡೆ ಕಾಣುವುದು ಮೊದಲು 8 ಜಿಬಿಯ ಎರಡು ಸ್ಟಿಕ್, ಎರಡು ವರ್ಷ ಬಿಟ್ಟು ಬೇರೆ ಕಂಪನಿಯ ಇನ್ನೆರಡು. 5700ಎಕ್ಸ್‌ಗೆ 3200 ವೇಗದ ಭರವಸೆ ಇರುವುದು ಎರಡೇ ಸ್ಟಿಕ್ ಇದ್ದಾಗ. ಚಿಪ್‌ಗಳ ಒಂದೇ ಗುಂಪು ಇರುವ ನಾಲ್ಕು ಸಿಂಗಲ್ ರ್‍ಯಾಂಕ್ ಸ್ಟಿಕ್‌ಗೆ ಅದು 2933, ಎರಡು ಗುಂಪು ಇರುವ ನಾಲ್ಕು ಡ್ಯುಯಲ್ ರ್‍ಯಾಂಕ್‌ಗೆ 2667. ನಾಲ್ಕನ್ನು 3200ರಲ್ಲಿ ಓಡಿಸಲು ಹಟ ಹಿಡಿಯುವುದಕ್ಕಿಂತ 2933ಕ್ಕೆ ಇಳಿಸಿ ನೆಮ್ಮದಿಯಾಗಿರುವುದು ಮೇಲು, ಕೆಲಸದಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ. ಎರಡೇ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ನಲ್ಲಿರಲಿ. ರಾತ್ರಿ ಮೆಮ್‌ಟೆಸ್ಟ್86+ ಹಚ್ಚಿ ನಾಲ್ಕು ಪಾಸ್ ಮುಗಿಸಿ. ಒಂದೇ ಒಂದು ಎರರ್ ಬಂದರೂ ಅದು ಫೇಲ್. 16 ಜಿಬಿ ಹಾಕಿದಲ್ಲಿ 8 ಮಾತ್ರ ತೋರಿಸಿದರೆ ಸ್ಟಿಕ್‌ಗಿಂತ ಮೊದಲು ಪ್ರೊಸೆಸರ್ ಎತ್ತಿ ಪಿನ್ ಬಾಗಿದೆಯೇ, ಸಾಕೆಟ್ ತೂತಿನಲ್ಲಿ ಪೇಸ್ಟ್ ಸಿಕ್ಕಿದೆಯೇ ನೋಡಿ.

ರೆಂಡರ್ ಅಥವಾ ಗೇಮ್ ನಡುವೆ ಫಟ್ ಎಂದು ಬಂದ್ ಆದರೆ ವಿದ್ಯುತ್ತಿನ ದಾರಿ ಹಿಡಿಯಿರಿ. ಮೊದಲ ಅನುಮಾನ ಯುಪಿಎಸ್ ಮೇಲೆ. 600 ವಿಎ ಎಂದು ಬರೆದ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಪ್ರೊಸೆಸರ್ 76, ಆರ್‌ಟಿಎಕ್ಸ್ 3060 ತರಹದ ಕಾರ್ಡ್ 170, ಬೋರ್ಡ್, ಡಿಸ್ಕ್, ಫ್ಯಾನ್, ಮಾನಿಟರ್ ಸೇರಿಸಿ, ಎಸ್‌ಎಂಪಿಎಸ್‌ನ ನಷ್ಟವನ್ನೂ ಕೂಡಿಸಿದರೆ ಗಡಿ ಹತ್ತಿರವೇ ಬರುತ್ತದೆ. ಲೈಟ್ ಹೋಗಿ ಬಂದ ಕ್ಷಣದಲ್ಲಿ ಮಾತ್ರ ಬಂದ್ ಆಗುತ್ತಿದ್ದರೆ ಅದರ 12 ವೋಲ್ಟ್ 7 ಎಎಚ್ ಬ್ಯಾಟರಿ ಮುಗಿದಿದೆ. ಪರೀಕ್ಷೆ ಸುಲಭ: ಅರ್ಥಿಂಗ್ ಸರಿ ಇರುವ ಗೋಡೆ ಸಾಕೆಟ್‌ಗೆ ನೇರ ಹಾಕಿ ಅದೇ ರೆಂಡರ್ ಮತ್ತೆ ಹಚ್ಚಿ. ಆಗಲೂ ಬಂದ್ ಆದರೆ ಎಸ್‌ಎಂಪಿಎಸ್ ನೋಡಿ. ಮೀಟರ್ ಅನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಖಾಲಿ ಇರುವ ನಾಲ್ಕು ಪಿನ್ನಿನ ಕನೆಕ್ಟರ್‌ನ ಹಳದಿ ಮತ್ತು ಕಪ್ಪು ವೈರಿಗೆ ಹಿಡಿಯಿರಿ. ಲೋಡ್ ಇದ್ದಾಗಲೂ 11.4ರಿಂದ 12.6ರ ಒಳಗೆ ಇರಬೇಕು. ಮೀಟರ್ ಸರಿ ತೋರಿಸಿದರೂ ಕ್ಷಣಾರ್ಧದ ಕುಸಿತ ಅದರ ಕಣ್ಣಿಗೆ ಬೀಳದು, ಆದ್ದರಿಂದ ಗೆಳೆಯರ ಬೇರೆ ಎಸ್‌ಎಂಪಿಎಸ್ ಒಂದು ದಿನ ತಂದು ಹಾಕಿ ನೋಡುವುದೇ ಖಾತ್ರಿ ಪರೀಕ್ಷೆ. ಬಂದ್ ಆಗದೆ ಬರೀ ನಿಧಾನವಾಗಿ, ವೇಗ, ಕಾವು ತೋರಿಸುವ ಎಚ್‌ಡಬ್ಲ್ಯೂಇನ್ಫೊ ತಂತ್ರಾಂಶದಲ್ಲಿ ವೇಗ ಅರ್ಧ ಗಿಗಾಹರ್ಟ್ಸ್ ಸುತ್ತ ಬಿದ್ದಿದ್ದರೆ ವಿಆರ್‌ಎಂ ಕಾದಿದೆ. ಕ್ಯಾಬಿನೆಟ್ ಹಿಂದೆ ಒಂದು ಫ್ಯಾನ್ ಹೆಚ್ಚಿಸಿ.

ಸುಮ್ಮನೆ ಇದ್ದಾಗ, ಚಹಾ ಕುಡಿದು ಬರುವಷ್ಟರಲ್ಲಿ ರೀಸ್ಟಾರ್ಟ್ ಆಗಿರುವುದು ಜನರನ್ನು ಹೆಚ್ಚು ಕಾಡುವ ತೊಂದರೆ, ಹೆಚ್ಚು ತಪ್ಪಾಗಿ ರಿಪೇರಿ ಆಗುವುದೂ ಅದೇ. ಕೋರ್‌ಗಳು ನಿದ್ದೆಗೆ ಜಾರಿದಾಗ ಪ್ರೊಸೆಸರ್ ಎಳೆಯುವ ಕರೆಂಟ್ ಬಹಳ ಕಡಿಮೆಯಾಗುತ್ತದೆ. ಹಳೆ ವಿನ್ಯಾಸದ ಎಸ್‌ಎಂಪಿಎಸ್‌ಗೆ ಅಷ್ಟು ಕಡಿಮೆ ಲೋಡ್‌ನಲ್ಲಿ ವೋಲ್ಟೇಜ್ ಸ್ಥಿರವಾಗಿಡಲು ಬರುವುದಿಲ್ಲ. ಬಯಾಸ್‌ನ ಎಎಂಡಿ ಸಿಬಿಎಸ್ ವಿಭಾಗದಲ್ಲಿ 'ಪವರ್ ಸಪ್ಲೈ ಐಡಲ್ ಕಂಟ್ರೋಲ್' ಎಂಬುದನ್ನು 'ಟಿಪಿಕಲ್ ಕರೆಂಟ್ ಐಡಲ್'ಗೆ ಬದಲಿಸಿ. ಎಷ್ಟೋ ಮಷಿನ್‌ಗಳು ಇದೊಂದರಿಂದಲೇ ಸರಿಹೋಗುತ್ತವೆ, ಖಾಲಿ ಇದ್ದಾಗ ಸ್ವಲ್ಪ ವಿದ್ಯುತ್ ಹೆಚ್ಚು ಹೋಗುತ್ತದೆ ಅಷ್ಟೆ.

ಸಾಕ್ಷಿ ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಸಿಗುತ್ತದೆ. ಕರ್ನಲ್-ಪವರ್ 41 ಎಂದರೆ ಮಷಿನ್ ಸರಿಯಾಗಿ ಬಂದ್ ಆಗಲಿಲ್ಲ ಎಂದಷ್ಟೇ ಅರ್ಥ, ಅದನ್ನೇ ಕಾರಣವೆಂದು ಹೇಳುವವರ ಮಾತು ನಂಬಬೇಡಿ. ಅದರ ಹಿಂದೆ ಮುಂದೆ ಡಬ್ಲ್ಯೂಎಚ್‌ಇಎ-ಲಾಗರ್, ಅಂದರೆ ಹಾರ್ಡ್‌ವೇರ್ ದೋಷದ ದಾಖಲೆ, ಇದೆಯೇ ಹುಡುಕಿ. ಸಂಖ್ಯೆ 19, ಬಸ್/ಇಂಟರ್‌ಕನೆಕ್ಟ್ ಎಂದಿದ್ದರೆ ರ್‍ಯಾಮ್ ಮತ್ತು ಎಫ್‌ಸಿಎಲ್‌ಕೆ (ಪ್ರೊಸೆಸರ್ ಒಳಗಿನ ಭಾಗಗಳನ್ನು ಬೆಸೆಯುವ ದಾರಿಯ) ವೇಗ ಹೆಚ್ಚಾಗಿದೆ. 3200ರ ರ್‍ಯಾಮ್‌ಗೆ ಎಫ್‌ಸಿಎಲ್‌ಕೆ 1600 ಇರಬೇಕು. ಸಂಖ್ಯೆ 18, ಕ್ಯಾಶ್ ಹೈರಾರ್ಕಿ ಎಂದಿದ್ದರೆ ಕೆಳಗೆ ಬರೆದ ಎಪಿಐಸಿ ಐಡಿ ಗುರುತು ಹಾಕಿಕೊಳ್ಳಿ. 0 ಮತ್ತು 1 ಮೊದಲ ಕೋರ್, 2 ಮತ್ತು 3 ಎರಡನೆಯದು, ಹೀಗೆ 14 ಮತ್ತು 15ರವರೆಗೆ. ಪ್ರತಿ ಸಲ ಬೇರೆ ಬೇರೆ ಐಡಿ ಬಂದರೆ ವಿದ್ಯುತ್ ಇಲ್ಲವೇ ರ್‍ಯಾಮ್ ಕಡೆ ನೋಡಿ. ಸೆಟಿಂಗ್ ಎಲ್ಲ ಮೂಲಸ್ಥಿತಿಯಲ್ಲಿದ್ದು, ಎಸ್‌ಎಂಪಿಎಸ್ ಬದಲಿಸಿ ನೋಡಿಯೂ, ನಾಲ್ಕೈದು ಸಲ ಅದೇ ಕೋರ್ ಹೆಸರು ಬಂದರೆ ಆಗ ಪ್ರೊಸೆಸರ್ ದೋಷದ್ದೆನ್ನಬಹುದು. ಕೋರ್‌ಸೈಕ್ಲರ್ ಎಂಬ ಉಚಿತ ತಂತ್ರಾಂಶ ಒಂದೊಂದೇ ಕೋರ್ ಮೇಲೆ ಭಾರ ಹಾಕಿ ಇದನ್ನು ಖಚಿತಪಡಿಸುತ್ತದೆ.

ಅಂಥ ಸಂದರ್ಭಕ್ಕಾಗಿಯೇ ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಿ ವಿಚಾರಿಸಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಡಬ್ಬಿ ಇರುವುದನ್ನೇ ಕೊಳ್ಳಿ. ಅದಕ್ಕೆ ಕಂಪನಿಯ 3 ವರ್ಷದ ವಾರಂಟಿ ಇದೆ. ಡಬ್ಬಿಯಿಲ್ಲದೆ ಬಿಡಿಯಾಗಿ ಮಾರುವ ಟ್ರೇ ಸರಕಿಗೆ ಮಾರಿದವರ ಮಾತೇ ವಾರಂಟಿ. ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಂಡು, ಅದು ಡಬ್ಬಿಯ ಮೇಲಿನ ನಂಬರ್‌ಗೆ ಹೊಂದುತ್ತದೆಯೇ ಅಲ್ಲೇ ನೋಡಿ. ಒಳಗಿನ ಪಾರದರ್ಶಕ ಪ್ಲಾಸ್ಟಿಕ್ ಚಿಪ್ಪನ್ನು ಎಸೆಯಬೇಡಿ. ವಾರಂಟಿಗೆ ಕಳಿಸುವಾಗ ಪಿನ್ ಕಾಯುವುದು ಅದೇ, ಬಾಗಿದ ಪಿನ್ ಇದ್ದರೆ ವಾರಂಟಿ ಸಿಗುವುದಿಲ್ಲ.